ಎರವಲು ಕೂಗು

ಮೋರ್ಕಮ್ಮಿನಲ್ಲಿ ಅಕ್ಟೋಬರಿನ ಶನಿವಾರ,
ಒಂದು ಕಾಲಕ್ಕೆ ಬಿಂಗೋ ಆಡುತ್ತಿದ್ದ ಹಾಲ್.
ಕುರ್ಚಿ ನೂರಿಪ್ಪತ್ತು, ಹೀಟರು ಎರಡು,
ಅದರಲ್ಲೊಂದಕ್ಕೆ ಕೆಮ್ಮು.
ಟಿಕೆಟ್ಟು ಮೂರು ಪೌಂಡು, ಚಹಾ ಸೇರಿ.

ಗ್ಯಾರೆತ್ ಟನಿಕ್ಲಿಫ್ ನಲ್ಲಿ ರಿಪೇರಿಯವನು.
ಹನ್ನೊಂದು ರಾತ್ರಿಯಲ್ಲಿ ತೆಗೆದ ಸಿನಿಮಾ:
ಬಾಗಿಲು ಹಾಕಿದ ಕ್ಯಾರವಾನ್ ಪಾರ್ಕು,
ಆರು ಮಂದಿ, ಒಬ್ಬ ಮುಖವಾಡದವ,
ಅವನ ಕೈಲಿ ಮೀನು ಸೀಳುವ ಚೂರಿ.
ಯಾಕಪ್ಪಾ ಕೊಲ್ಲುತ್ತಾನೆ ಅಂದರೆ,
ಅದನ್ನು ಬರೆಯಲು ಪುರುಸೊತ್ತಾಗಲಿಲ್ಲ ಅಂದ.

ರಕ್ತ ನನ್ನದು.
ಅಂದರೆ, ನನ್ನ ಒಲೆಯದು.
ಬಾಯ್ಲರ್ ಸರಿಮಾಡಲು ಬಂದವ
ಹೇಗೋ ಮಾತಿಗೆ ಸಿಕ್ಕಿಸಿ ಒಪ್ಪಿಸಿದ.
ಒಂದೆಳೆ ಪಾಕ, ಬೀಟ್ರೂಟಿನ ರಸ, ಚಿಟಿಕೆ ಕೋಕೋ.
ಚಿರೋಟಿಗಲ್ಲ, ಕೊಲೆಗೆ
ಎರಡು ಬಕೆಟ್ಟು ಕಾಯಿಸಿಕೊಟ್ಟೆ.

ದೀಪ ಆರಿತು. ಮೊದಲ ಹೆಣ ಬಿತ್ತು.
ನಗು!
ಸತ್ತವನ ಹೊಟ್ಟೆ ಏರುತ್ತಿದೆ, ಇಳಿಯುತ್ತಿದೆ.
ಎರಡನೆಯದಕ್ಕೆ ಕಟುಕ ಡೆರಿಕ್ ಎದ್ದು ನಿಂತ:
"ಆ ಕರುಳು ನನ್ನ ಅಂಗಡಿಯದು,
ದುಡ್ಡಿನ್ನೂ ಬಂದಿಲ್ಲ!"
ಮೂರನೆಯ ಬಲಿ,
ಶಾಲೆಯೆದುರು ಮಕ್ಕಳನ್ನು ರಸ್ತೆ ದಾಟಿಸುವ ಹಿಲ್ಡಾ.
ಅವಳ ರುಂಡ ಉರುಳಿದಾಗ ಮೊಮ್ಮಕ್ಕಳು ಸಿಳ್ಳೆ ಹೊಡೆದರು.
ಹಿಲ್ಡಾ ಎರಡನೇ ಸಾಲಿನಲ್ಲಿ ಎದ್ದು
ತಲೆ ಬಾಗಿಸಿದಳು.
ಮೈಕಿನ ಕೋಲು ಚೌಕಟ್ಟಿನೊಳಗೆ ಇಣುಕಿದಾಗಲೆಲ್ಲ
ಹಿಂದಿನ ಸಾಲಿನ ಹುಡುಗರು ಅದಕ್ಕೆ ಕೈ ಬೀಸಿದರು.

ಭಯ? ಎಲ್ಲಿಯ ಭಯ.
ಊರಿಗೆ ಊರೇ ತನ್ನ ಸಾವನ್ನು
ಬಿಸ್ಕತ್ತು ಅದ್ದಿಕೊಂಡು ನೋಡುತ್ತಿತ್ತು.

ಆಮೇಲೆ ಕೀಲಿ ಓರ್ಮರಾಡ್
ಕೊನೆಯ ಕ್ಯಾರವಾನಿನ ಬಾಗಿಲು ತೆರೆದಳು.

ಇಲ್ಲಿ ಒಂದು ಮಾತು ಹೇಳಬೇಕು.
ಫೆಬ್ರವರಿಯ ಕಡಲಗಾಳಿಗೆ ಕೀಲಿಯ ಗಂಟಲು ಕಟ್ಟಿತ್ತು.
"ವ್ಯಾರೀ, ನೀನು ಕೂಗಿಬಿಡು" ಅಂದ ಗ್ಯಾರೆತ್.
ನಾನು ವಾರಿಜಾ, ಹಲ್ಲಿನ ಡಾಕ್ಟರ ಸಹಾಯಕಿ;
ಜನ ಹೇಗೆ ಕೂಗುತ್ತಾರೆಂಬುದು ನನಗೆ ಬಾಯಿಪಾಠ.
ಅವನ ಬಚ್ಚಲಮನೆಯ ತುಂಬ ರಜಾಯಿ ನೇತುಹಾಕಿ
ನಡುವೆ ನನ್ನ ನಿಲ್ಲಿಸಿದ.
ಹದಿನಾರು ಸಲ ಕೂಗಿದೆ, ಚೆಂದದ ಇಂಗ್ಲಿಷಿನಲ್ಲಿ.
"ಟೋಸ್ಟ್ ಕರಕಾದವರ ಹಾಗಿದೆ" ಅಂದ.
ಸಾಕು ಮಾರಾಯ ಎಂದು ಹೊರಗೆ ಕಾಲಿಟ್ಟೆ,
ಬರಿಗಾಲು,
ಕೆಳಗೆ ಮೂರು ಹಲ್ಲು ಮೇಲೆ ಮಾಡಿ ಮಲಗಿದ್ದ ಪ್ಲಗ್ಗು.
ಮೈಕು ಆರಿಸಿರಲಿಲ್ಲ.

ಅದೇ ಈಗ ಬಂತು.
ಹೊಂಬಣ್ಣದ ಕೂದಲಿನ ಕೀಲಿಯ
ಅಗಲ ತೆರೆದ ಬಾಯಿಂದ:
*ಅಯ್ಯಯ್ಯೋ ಅಮ್ಮಾ ಸತ್ತೇ!*

ಹಾಲ್ ತಣ್ಣಗಾಯಿತು.
ಡೆರಿಕ್‌ನ ಬಿಸ್ಕತ್ತು ಮುರಿದು ಚಹಾಕ್ಕೆ ಬಿತ್ತು,
ಅವನು ನೋಡಲಿಲ್ಲ.
ಹಿಲ್ಡಾ ತನ್ನ ಕುತ್ತಿಗೆ ಮುಟ್ಟಿಕೊಂಡಳು.
ಹಿಂದಿನ ಸಾಲಿನ ಹುಡುಗರಲ್ಲೊಬ್ಬ
ಮೆಲ್ಲಗೆ ಕಾಲು ಕುರ್ಚಿಯ ಮೇಲೆಳೆದುಕೊಂಡ.
ಅದು ಮಾತು ಎಂದು ಯಾರಿಗೂ ಗೊತ್ತಿರಲಿಲ್ಲ.
ನನಗೊಬ್ಬಳಿಗೆ ಗೊತ್ತಿತ್ತು,
ನನಗೂ ಕೂದಲು ನಿಮಿರಿತು.
ಓ ಎನ್ನಲು ಅಮ್ಮ ಈಗ
ಯಾವ ದೂರದಲ್ಲೂ ಇಲ್ಲ.

ತಮಾಷೆಯೆಂದರೆ, ಕೀಲಿ ಸಾಯುವುದಿಲ್ಲ.
ಸತ್ತೇ ಎಂದು ಕೂಗಿದವಳು ಒಬ್ಬಳೇ
ಬೆಳಗಾದ ಮೇಲೂ ಉಳಿಯುತ್ತಾಳೆ,
ಮೈತುಂಬ ನನ್ನ ಪಾಕ ಮೆತ್ತಿಕೊಂಡು
ಇಳಿತದ ಕೆಸರಿನಲ್ಲಿ ಕುಂಟುತ್ತಾಳೆ.

ಮುಗಿದ ಮೇಲೆ ಚಿಪ್ಸಿನ ಅಂಗಡಿಯ ಸಾಲಿನಲ್ಲಿ
ಮತ್ತೆ ನಗು ಬಂತು, ಸ್ವಲ್ಪ ಹೆಚ್ಚೇ ಜೋರಾಗಿ.
"ಕಸ ಸಿನಿಮಾ" ಅಂದ ಡೆರಿಕ್.
ಮನೆಗೆ ಮಾತ್ರ ಬೆಳಕಿರುವ ದಾರಿ ಹಿಡಿದ.
ಗ್ಯಾರೆತ್ ಚಿಲ್ಲರೆ ಎಣಿಸಿ ಹೇಳಿದ:
ಲಾಭ ಹದಿನಾಲ್ಕು ಪೌಂಡು.

ಭಾನುವಾರ ಕಡಲ ದಂಡೆಯಲ್ಲಿ
ಹಿಲ್ಡಾಳ ಮೊಮ್ಮಕ್ಕಳ ಆಟ.
ಹುಡುಗನ ಕೈಲಿ ಐಸ್‌ಕ್ರೀಮಿನ ಕಡ್ಡಿ,
ಹುಡುಗಿ ಓಡುತ್ತ, ಅಲೆಯ ಕಡೆ ತಿರುಗಿ:
"ಆಯಾಯೋ ಮಾ ಸಟೇ!"

ನಿಂತೆ.
ಹೇಳಲೋ ಬೇಡವೋ ಅಂದುಕೊಂಡು
ಹೇಳಿಯೇಬಿಟ್ಟೆ:
"ಟೇ ಅಲ್ಲ, ಪುಟ್ಟಾ. ತ್ತೇ.
ನಾಲಿಗೆ ಹಲ್ಲಿಗೆ ತಾಗಬೇಕು."