ಮೂರನೇ ಬಕೆಟ್ಟು

ಎರಡು ಬಕೆಟ್ಟು ಹಬೆ. ಮೂರನೆಯದು
ಹೊಳೆಯಿಂದ ನೇರ ಮೊಗೆದ ಹಾಗೆ.
ನಾಪೋಕ್ಲಿನ ಹೋಂಸ್ಟೇ, ಡಿಸೆಂಬರು.
ಬಚ್ಚಲ ಬಾಗಿಲಿಗೆ ಬೊಳ್ಳವ್ವ ಅಂಟಿಸಿದ ಚೀಟಿ:
'ಐದೇ ನಿಮಿಷ. ನೀರು ದಂಡ ಮಾಡಬೇಡಿ.'

ವಿರಾಜಪೇಟೆಯ ಮೊಯ್ದು ಬಂದ,
ಗೀಸರಿನ ಹೊಟ್ಟೆಯಿಂದ ತುಕ್ಕು ತಿಂದ ನಳಿಕೆ ಎಳೆದ.
ಮೊಳದುದ್ದ ಇರಬೇಕಾದ್ದು, ಗೇಣೂ ಇಲ್ಲ.

'ಬಿಸಿ ಮೇಲೇರಿ ಕೂತಿರ್ತದಕ್ಕಾ,
ಇದು ಅಲ್ಲೀತನಕ ಹೋಗಿ ತರಬೇಕು.
ಮುರಿದದ್ದಕ್ಕೆ ಎಟುಕೋದು ಆಗಷ್ಟೇ ಬಂದ ತಣ್ಣೀರು.'

'ಹಂಗಾರೆ ಬಿಸಿ?'

'ಮೇಲೇ ಇತ್ತು. ಯಾರೂ ಕರೀಲಿಲ್ಲ.'

ಬೊಳ್ಳವ್ವ ಲೆಕ್ಕ ಹಾಕಿದಳು: ಬೈಸಿಕೊಂಡವರು
ಮೈಸೂರಿನ ದಂಪತಿ, ನೆಗಡಿಯ ಹುಡುಗ,
ಕಣ್ಣೂರಿನ ಆ ಸಿಸ್ಟರು,
ಸೋಪು ಕಣ್ಣಲ್ಲೇ ಸಾರಿ ಅಂದವಳು.

ರಾತ್ರಿ ಹೊಸ ನಳಿಕೆಯಡಿ ತಾನೇ ಮಿಂದಳು.
ನಾಲ್ಕನೇ ಬಕೆಟ್ಟೂ ಸುಡುತ್ತಿತ್ತು.

ಚೀಟಿ ಮಾತ್ರ ಬಾಗಿಲಲ್ಲೇ ಇದೆ.