ಎಡಗಾಲು

ಮುಹರ್ರಕ್‌ನಲ್ಲಿ ನಮ್ಮ ಸ್ಟುಡಿಯೋ,
ಮೂರನೆಯ ಮಾಳಿಗೆ, ಕೆಳಗೆ ಟೈರಿನಂಗಡಿ.
ಅಲ್ಲಿ ಕೂತು ಎರಡು ವರ್ಷ
ಒಬ್ಬ ಮುದುಕನನ್ನು ನಡೆಸಿದೆ.

ಮುತ್ತಿಗಾಗಿ ಮುಳುಗುವವ. ಹೆಸರು ಕೊನೆಯವರೆಗೂ ಗಟ್ಟಿಯಾಗಲಿಲ್ಲ,
ಕಥೆಯವರು ವಾರಕ್ಕೊಂದು ಇಡುತ್ತಿದ್ದರು.
ಮೊದಲು ಬಂದದ್ದು ಮೂಳೆ, ನೂರಾ ನಲವತ್ತು ಕೀಲು;
ಆಮೇಲೆ ಚರ್ಮ, ಆಮೇಲೆ ಗಡ್ಡ.
ಗಡ್ಡಕ್ಕೇ ಬೇರೆ ಒಬ್ಬ ಹುಡುಗ, ಮನಿಲಾದವನು.
ಗಾಳಿ ಬೀಸಿದರೆ ಯಾವ ಕೂದಲು ಮೊದಲು ಏಳಬೇಕೆಂದು
ಅವನೊಬ್ಬನಿಗೇ ಗೊತ್ತು.
ನನ್ನ ಪಾಲಿಗೆ ಬಂದದ್ದು ನಡಿಗೆ.

ಸೆಕೆಂಡಿಗೆ ಇಪ್ಪತ್ತನಾಲ್ಕು ಚಿತ್ರ.
ಹಿಮ್ಮಡಿ ತಾಗುವುದು ಒಂದು, ಭಾರ ಇಳಿಯುವುದು ಒಂದು,
ಕಾಲು ಕಾಲನ್ನು ದಾಟುವುದು ಒಂದು.
ನಡುವಿನದನ್ನೆಲ್ಲ ಯಂತ್ರ ತುಂಬುತ್ತದೆ, ತಪ್ಪು ತಪ್ಪಾಗಿ.
ಯಂತ್ರ ತುಂಬಿದ ಮುದುಕ ಎಣ್ಣೆಯ ಮೇಲೆ ಬಂದ ಹಾಗೆ ಬಂದ.
"ಇವನಿಗೆ ತೂಕವೇ ಇಲ್ಲ," ಎಂದಳು ನಿರ್ದೇಶಕಿ ಬಶಾಯರ್,
"ನಲವತ್ತು ವರ್ಷ ಕಲ್ಲು ಕಟ್ಟಿಕೊಂಡು ಮುಳುಗಿದ ಕಾಲಾ ಇದು?"

ಹನ್ನೊಂದು ಸಲ ವಾಪಸು ಬಂತು.

ಹನ್ನೆರಡನೆಯ ದಿನ ನಾಲ್ಕು ಗಂಟೆಗೆ
ಕಾರಿಡಾರಿನಲ್ಲಿ ಚಹಾ ಲೋಟಗಳ ಸದ್ದು.
ಪುತ್ತುಬಾವ, ಉಳ್ಳಾಲದವರು.
ಬಲಗಾಲು ಟಕ್ಕೆಂದು, ಎಡಗಾಲು ಕೊಂಚ ಯೋಚಿಸಿ.
ಹಿಂದೊಮ್ಮೆ ಸಿತ್ರಾದಲ್ಲಿ ಸಾರುವೆಯಿಂದ ಬಿದ್ದದ್ದು.
ತಟ್ಟೆಯಲ್ಲಿ ಎಂಟು ಲೋಟ, ಒಂದು ಹನಿ ಚೆಲ್ಲುವುದಿಲ್ಲ:
ಮಂಡಿ ಕೊಡದ್ದನ್ನು ಸೊಂಟ ಕೊಡುತ್ತದೆ,
ಸೊಂಟಕ್ಕೆ ಸಾಲದ್ದನ್ನು ಭುಜ.

ಕೇಳಿಯೇ ಮೊಬೈಲು ಹಿಡಿದೆ.
"ನನ್ನ ನಡಿಗೆಯಾ? ಅದು ಹಾಳಾದದ್ದಲ್ಲವಾ ಮಾರಾಯ್ರೆ!"
ನಾಚಿಕೊಂಡು, ಮೊದಲ ಸಲ, ಚಹಾ ಚೆಲ್ಲಿದರು.
ಆ ದಿನದ್ದು ಕೆಲಸಕ್ಕೆ ಬರಲಿಲ್ಲ.
ಮರುದಿನ, ಅವರು ಮರೆತಿದ್ದಾಗ, ಸಿಕ್ಕಿತು:
ನೆಲ ಮುಟ್ಟುವ ಮುಂಚೆ ಎಡಗಾಲು
ಮೂರು ಚಿತ್ರದಷ್ಟು ಹೊತ್ತು ಗಾಳಿಯಲ್ಲಿ ತಡೆಯುತ್ತದೆ.
ಸೆಕೆಂಡಿನ ಎಂಟನೆಯ ಒಂದು ಪಾಲು. ಅಷ್ಟೇ.
ನಾನು ಎರಡು ತಿಂಗಳು ಹುಡುಕಿದ್ದು ಅದನ್ನು.

ಪರದೆಯಲ್ಲಿ ಮುದುಕ ಇದ್ದಲ್ಲೇ ನಡೆಯುತ್ತಾನೆ,
ನೆಲ ಹಿಂದಕ್ಕೆ ಸರಿಯುವುದು ಆಮೇಲೆ, ಬೇರೆಯವರ ಕೆಲಸ.
ಪುತ್ತುಬಾವ ಲೋಟ ಇಡುತ್ತ ಇಣುಕಿದರು.
"ಎಲ್ಲಿಗೆ ಹೋಗುವುದು ಇವ?"
"ಸದ್ಯ ಎಲ್ಲಿಗೂ ಇಲ್ಲ."
"ಹಾಂ," ಎಂದರು, ಗೊತ್ತಿದ್ದವರ ಹಾಗೆ.

ಕಡಲು ಮಾಡುವವರು ಪಕ್ಕದ ಕೋಣೆ.
ಒಂದು ಅಲೆಗೆ ಒಂದು ರಾತ್ರಿ; ಕಂಪ್ಯೂಟರುಗಳ ಶೆಕೆಗೆ
ನಾಲ್ಕು ಎ.ಸಿ. ಸಾಲದು.
ಬಶಾಯರಳ ಅಜ್ಜ ಗಾಲಿಕುರ್ಚಿಯಲ್ಲಿ ಬಂದು ನೋಡಿದರು.
ಇದು ಎಲ್ಲಿಯ ನೀರು?
ಇಲ್ಲಿಯದೇ, ಎಂದೆವು.
ಅವರು ಕಿಟಕಿಯತ್ತ ತಿರುಗಿದರು. ಟೈರು, ಪಾರ್ಕಿಂಗು, ಮತ್ತೆ ಪಾರ್ಕಿಂಗು.
"ಇಲ್ಲಿಯದು ಇಲ್ಲೇ ಇತ್ತು, ನಿಮ್ಮ ಕುರ್ಚಿಯ ಕೆಳಗೆ.
ಇಷ್ಟು ನೀಲಿ ಇರಲಿಲ್ಲ."
ಹುಡುಗರು ಆರು ರಾತ್ರಿಯ ಅಲೆಗಳನ್ನು ಅಳಿಸಿದರು.

ಈದಿಗೆ ಊರಿಗೆ ಹೋದ ಪುತ್ತುಬಾವ
ದೇರಳಕಟ್ಟೆಯಲ್ಲಿ ಮಂಡಿ ಬದಲಿಸಿಕೊಂಡು ಬಂದರು.
ಈಗ ನೆಟ್ಟಗೆ ನಡೆಯುತ್ತಾರೆ, ಚಹಾ ಚೆಲ್ಲುತ್ತಾರೆ.
ಹೊಸ ಮಂಡಿಗೆ ತಟ್ಟೆಯ ಲೆಕ್ಕ ತಿಳಿಯದು.
ಹಳೆಯ ನಡಿಗೆ ಇರುವುದು ಈಗ
ನನ್ನ ಒಂದು ಫೈಲಿನಲ್ಲಿ, ಬೇರೊಬ್ಬನ ಗಡ್ಡದ ಕೆಳಗೆ.

ನಿನ್ನೆ ಮೊದಲ ಪ್ರದರ್ಶನ, ನಮಗೆ ಮಾತ್ರ.
ಎಂಬತ್ತೊಂದು ನಿಮಿಷದಲ್ಲಿ ನನ್ನದು ಮೂವತ್ತೆಂಟು ಸೆಕೆಂಡು.
ಮುದುಕ ಮರಳು ದಾಟಿ ದೋಣಿಯ ಕಡೆ ಹೊರಟ.
ಎಡಗಾಲು ಯೋಚಿಸಿತು.
ಪಕ್ಕದಲ್ಲಿದ್ದ ಪುತ್ತುಬಾವ ಬಗ್ಗಿ, ಮೆಲ್ಲಗೆ:
"ಪಾಪ, ಇವನಿಗೂ ಒಂದು ಆಪರೇಷನ್ ಮಾಡಿಸಬಹುದಿತ್ತು."

ಹನ್ನೊಂದು ಸಲ ಮಾಡಿಸಿ ನೋಡಿದ್ದೆ.
ಹೇಳಲಿಲ್ಲ.