ಒದ್ದೆ ಕಾಲು

ಸ್ವಾತಿ ಮಳೆಯೂ ಮುಗಿದ ಮೇಲೆ
ಕೋಡಿಬಾಗದ ಅತಿಥಿಗೃಹದಲ್ಲಿ
ಮೊದಲ ಸಲ ಪೈಪು ಬಿಚ್ಚಿದವನು ನಾನೇ.
ಸಂಜೆ ಆರಕ್ಕೆ. ದಿನಾ ಸಂಜೆ ಆರಕ್ಕೆ.
ಕುರ್ಚಿ ಹಾಕಿ ಕೂತವರಿಗೆ
ತೊಳೆದ ಹುಲ್ಲು ಚೆಂದ ಕಾಣಲಿ ಎಂದು,
ಕಾಳಿ ನದಿಯ ಗಾಳಿ
ಇನ್ನೊಂದಿಷ್ಟು ತಣ್ಣಗಿರಲಿ ಎಂದು.

ಎಂಟು ದಿನಕ್ಕೆ ಒಂದು ಕಲೆ,
ಹಳೇ ರೂಪಾಯಿಯಗಲ.
ಯಾರೋ ಸಿಗರೇಟು ಹೊಸಕಿರಬೇಕು ಅಂದುಕೊಂಡೆ.
ಆಮೇಲೆ ತಟ್ಟೆಯಗಲ, ಆಮೇಲೆ
ಸೈಕಲ್ ಚಕ್ರದಗಲ,
ಅಂಚಿಗೆ ಬೂದು, ನಡುವೆ ಬೈಹುಲ್ಲಿನ ಬಣ್ಣ.
ಬಾಯಾರಿದೆ ಪಾಪ, ಎಂದು
ಇನ್ನೂ ಅರ್ಧ ತಾಸು ನೀರು ಬಿಟ್ಟೆ.
ಅದಕ್ಕೆ ಬೇಕಾದದ್ದೂ ಅದೇ.
ಅದಕ್ಕೆ ಅಂದರೆ, ಹುಲ್ಲಿಗಲ್ಲ.

ಸುಂಕೇರಿಯಿಂದ ಕೆಲಸಕ್ಕೆ ಬರುವ ಶೇವಂತಿ ಗುನಗಿ
ಒಂದು ಮುಂಜಾನೆ ಕುಕ್ಕರಗಾಲಲ್ಲಿ ಕೂತು
ಕಲೆಯ ಅಂಚಿಗೆ ಬೆರಳಿಟ್ಟಳು.
ಜೇಡನಿಲ್ಲದ ಜೇಡರ ಬಲೆ,
ಬಿಳಿ, ಎಳೆ ಎಳೆ,
ಬಿಸಿಲೇರಿದರೆ ಕಾಣದು.
‘ಕೆಸರುಹುಣ್ಣು’ ಅಂದಳು.
‘ಹುಲ್ಲಿಗೆ?’
‘ಮತ್ತೆ? ಇದಕ್ಕೂ ಬೆರಳುಸಂದಿ ಇಲ್ವಾ?’

ನಟ್ಟಿಗದ್ದೆಯಲ್ಲಿ ಅವಳ ಕಾಲು
ಇಪ್ಪತ್ತು ಮಳೆಗಾಲ ಕೊಳೆತಿತ್ತಂತೆ.
ಕೆಸರಿನಿಂದಲ್ಲ; ಕೆಸರು ಎಲ್ಲರಿಗೂ ಒಂದೇ.
ಒರೆಸದೆ ಮಲಗಿದವರ ಕಾಲು ಮಾತ್ರ ಬಿಳುಚಿ ಬಿರಿಯುತ್ತಿತ್ತು.
ಅವಳ ಅತ್ತೆ, ಎಷ್ಟು ದಣಿದು ಬಂದರೂ,
ಒಲೆಯ ಮುಂದೆ ಬೆರಳು ಬಿಡಿಸಿ ಕೂತು
ಒಂದೊಂದು ಸಂದಿಗೂ ಬಿಸಿ ತೋರಿಸಿ
ಆಮೇಲೇ ಚಾಪೆ.

‘ನೀವು ಇದನ್ನ ದಿನಾ ಒದ್ದೆ ಕಾಲಲ್ಲಿ ಮಲಗಿಸ್ತೀರಿ.
ಮೇಲಿಂದ ಇಬ್ಬನಿ ಬೇರೆ, ಬೆಳಗಿನ ಒಂಬತ್ತರ ತನಕ.
ಲೆಕ್ಕ ಹಾಕಿ, ಎಷ್ಟು ತಾಸಾಯ್ತು?’
ಹಾಕಿದೆ. ಹದಿನೈದು.
ಯಾರಿಗೂ ಹೇಳಲಿಲ್ಲ.

ಈಗ ಪೈಪು ಬೆಳಿಗ್ಗೆ. ಅದೂ ದಿನಾ ಅಲ್ಲ.
ಅವಳು ಕತ್ತಿಯ ತುದಿ ಮಣ್ಣಿಗೂರುತ್ತಾಳೆ;
ಬೆರಳುದ್ದ ಇಳಿದು ತಣ್ಣಗೆ ಬಂದರೆ
‘ಇವತ್ತು ಬೇಡ.’
ಬೇಡದ ದಿನಗಳೇ ಹೆಚ್ಚು.
ಬೇಕಾದ ದಿನ ಬೇರಿನ ಹೊಟ್ಟೆ ತುಂಬುವಷ್ಟು;
ಮಧ್ಯಾಹ್ನದೊಳಗೆ ಎಸಳು ಗರಿಗರಿ.

ನೀರಿಗೂ ಮೊದಲು ಇಬ್ಬನಿ ಕೆಡವಬೇಕು.
ಹರಿಕಂತ್ರರ ಕೇರಿಯಿಂದ ತಂದ
ಹಳೇ ರಂಪಣಿ ಬಲೆಯ ತುಂಡು,
ಆ ತುದಿ ಅವಳು, ಈ ತುದಿ ನಾನು,
ಹುಲ್ಲಿನ ಮೇಲೆ ಮೆಲ್ಲಗೆ ಎಳೆಯುತ್ತೇವೆ.
ದೂರದ ದೀಪಸ್ತಂಭ ಇನ್ನೂ ಆರಿರುವುದಿಲ್ಲ.
‘ಹೋಯ್, ಜಗ್ಗಿ’ ಎನ್ನುತ್ತಾಳೆ
ಬಲೆಗೆ ಏನೋ ಬಿದ್ದಂತೆ.
ಮೊಣಕಾಲ ತನಕ ಒದ್ದೆಯಾಗುವುದು ನಾವು.

ನಿನ್ನೆ ಬಂದ ಅತಿಥಿಯೊಬ್ಬರು ಕೇಳಿದರು,
ಸಂಜೆ ನೀರು ಹಾರಿಸುವುದಿಲ್ಲವೇ, ಫೋಟೋಕ್ಕೆ?
ಇಲ್ಲ ಎಂದೆ. ಯಾಕೆ ಎಂದರು.
ಕಾಲು ಒರೆಸಿ ಮಲಗಬೇಕು ಅದು, ಅಂದುಬಿಟ್ಟೆ.
ಅವರು ತಮ್ಮ ಚಪ್ಪಲಿ ನೋಡಿಕೊಂಡರು.

ಚಕ್ರ ಇನ್ನೂ ಇದೆ. ಬೆಳೆದಿಲ್ಲ.
ನಡುವೆ ನಾಲ್ಕು ಹಸಿರು ಕಡ್ಡಿ;
ಶೇವಂತಿ ಎಣಿಸಿದರೆ ಐದು.
ಬೇಲಿಗೆ ಒಣಹಾಕಿದ ಬಲೆಯ ಮೇಲೆ
ಕಾಗೆಯೊಂದು ಕೂತು
ಕಣ್ಣು ಕಣ್ಣಿಗೂ ಕೊಕ್ಕು ಹಾಕಿ
ಹುಡುಕುತ್ತಿದೆ ಮೀನು.